ಗಣಕಕ್ಕೊಂದು ಹೊಸ ಕಣಜ

ಮನೆಯ ಮೇಜಿನ ಮೇಲಿರುವ ಗಣಕಯಂತ್ರ ಒಂದು ದಿನ ಇದ್ದಕ್ಕಿದ್ದಂತೆ ‘ಇನ್ನು ಸ್ಥಳವಿಲ್ಲ’ ಎಂದು ತೆರೆಯ ಮೇಲೆ ಬರೆದು ತೋರಿಸುವುದುಂಟು. ಮಕ್ಕಳ ನಾಮಕರಣದ ಚಿತ್ರಗಳು, ಮದುವೆಯ ವೀಡಿಯೊ, ಅಜ್ಜಿ ಹಾಡಿದ ಸಂಪ್ರದಾಯದ ಹಾಡುಗಳ ಧ್ವನಿಮುದ್ರಣ, ತೆರಿಗೆಯ ಲೆಕ್ಕಪತ್ರಗಳು, ಎಲ್ಲವೂ ಸೇರಿ ಯಂತ್ರದ ಉಗ್ರಾಣ ತುಂಬಿಹೋಗಿರುತ್ತದೆ. ಆಗ ಮನೆಯವರ ಮುಂದಿರುವ ದಾರಿಗಳು ಎರಡು: ಕೆಲವನ್ನು ಅಳಿಸಿಹಾಕುವುದು, ಇಲ್ಲವೆ ಇನ್ನೊಂದು ಹಾರ್ಡ್ ಡಿಸ್ಕನ್ನು ತಂದು ಜೋಡಿಸುವುದು. ಎರಡನೆಯದು ತಂತ್ರಜ್ಞರಿಗಷ್ಟೇ ಸಾಧ್ಯವೆಂದು ಹಲವರು ಅಂಜುವರು. ಆ ಅಂಜಿಕೆ ಅನಾವಶ್ಯಕ. ಒಂದು ತಿರುಪುಳಿ, ಒಂದು ಗಂಟೆಯ ಬಿಡುವು, ತುಸು ತಾಳ್ಮೆ, ಇಷ್ಟಿದ್ದರೆ ಸಾಕು. ಅಂಜಬೇಕಾದ ಸ್ಥಳ ಬೇರೆಯೇ ಇದೆ, ಅದು ತಿರುಪುಗಳಲ್ಲಿಲ್ಲ.

ಮೊದಲು ಈ ವಸ್ತುವಿನ ಪೂರ್ವಚರಿತ್ರೆಯನ್ನಿಷ್ಟು ತಿಳಿಯುವುದು ಒಳಿತು. ಲೋಕದ ಮೊಟ್ಟಮೊದಲ ಡಿಸ್ಕ್ ಉಗ್ರಾಣವನ್ನು ಅಮೆರಿಕದ ಐ.ಬಿ.ಎಂ. ಸಂಸ್ಥೆ ೧೯೫೬ರಲ್ಲಿ ಹೊರತಂದಿತು. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಅದನ್ನು ರೂಪಿಸಿದ ತಂಡದ ನಾಯಕ ರೆನಾಲ್ಡ್ ಜಾನ್ಸನ್, ಒಂದು ಕಾಲಕ್ಕೆ ಶಾಲಾ ಉಪಾಧ್ಯಾಯರಾಗಿದ್ದವರು. ಆ ಯಂತ್ರದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದುವು. ಅದರ ತೂಕ ಒಂದು ಟನ್ನಿಗೂ ಮಿಗಿಲು. ಇಷ್ಟಾದರೂ ಅದು ಹಿಡಿಸುತ್ತಿದ್ದುದು ಸುಮಾರು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಮೊಬೈಲ್ ಫೋನಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೇ ತುಂಬಿಹೋಗಬಹುದಾದಷ್ಟು ಜಾಗ! ಈಗ ಅಂಗೈಯಗಲದ ಪೆಟ್ಟಿಗೆಯೊಂದು ಒಂದು ಟೆರಾಬೈಟನ್ನು, ಎಂದರೆ ಒಂದು ಲಕ್ಷ ಕೋಟಿ ಬೈಟುಗಳನ್ನು, ಅನಾಯಾಸವಾಗಿ ಹೊತ್ತುಕೊಂಡಿರುತ್ತದೆ.

ಆ ಲೋಹದ ಕವಚದೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುವುವು. ಓದುವ ಬರೆಯುವ ಮೊನೆ ಅವುಗಳನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರುಗಳ ಅಂತರದಲ್ಲಿ ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ಕೂದಲೆಳೆಯ ದಪ್ಪದಲ್ಲಿ ಸಾವಿರದೊಂದು ಪಾಲಿಗಿಂತಲೂ ಕಿರಿದಾದ ಆ ಸಂದಿಯಲ್ಲಿ ಧೂಳಿನ ಒಂದು ಕಣವೆಂದರೆ ಹೆಬ್ಬಂಡೆಗೆ ಸಮ. ಆದುದರಿಂದ ಡಿಸ್ಕಿನ ಕವಚವನ್ನು ಎಂದಿಗೂ ಬಿಚ್ಚತಕ್ಕದ್ದಲ್ಲ. ಕೈತಪ್ಪಿ ಬೀಳದಂತೆ ಎಚ್ಚರ ವಹಿಸತಕ್ಕದ್ದು.

ಇನ್ನು ಜೋಡಣೆಯ ವಿಚಾರ. ಗಣಕವನ್ನು ಕ್ರಮವಾಗಿ ಆರಿಸಿ, ಗೋಡೆಯ ಪ್ಲಗ್ಗನ್ನೇ ಕಿತ್ತಿಡಬೇಕು. ಬಳಿಕ ಯಂತ್ರದ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದರೆ ಒಳಗುಳಿದ ವಿದ್ಯುತ್ತೂ ಬಹುಮಟ್ಟಿಗೆ ಹರಿದುಹೋಗುವುದು. ಸಾಮಾನ್ಯವಾಗಿ ಪೆಟ್ಟಿಗೆಯ ಪಕ್ಕದ ತಗಡನ್ನು ಹಿಂಬದಿಯ ಎರಡು ತಿರುಪುಗಳು ಹಿಡಿದಿರುತ್ತವೆ. ಅವುಗಳನ್ನು ಬಿಚ್ಚಿ ತಗಡನ್ನು ಹಿಂದಕ್ಕೆ ಜಾರಿಸಿದರೆ ಕಳಚಿಬರುತ್ತದೆ. ಒಳಗೆ ಕೈಯಿಡುವ ಮುನ್ನ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನೊಮ್ಮೆ ಮುಟ್ಟಬೇಕು. ಉಡುಪಿನ ಘರ್ಷಣೆಯಿಂದ ಮೈಯಲ್ಲಿ ಸಂಚಯವಾದ ಸ್ಥಿರ ವಿದ್ಯುತ್ತು, ಮುಟ್ಟಿದವರಿಗೆ ಅರಿವೇ ಆಗದಂತೆ, ಸೂಕ್ಷ್ಮ ಭಾಗಗಳನ್ನು ಹಾಳುಮಾಡಬಲ್ಲದು.

ಪೆಟ್ಟಿಗೆಯೊಳಗೆ ಡಿಸ್ಕಿಗೆಂದೇ ಮಾಡಿದ ಗೂಡುಗಳಿರುತ್ತವೆ. ಬರಿದಾದ ಒಂದರಲ್ಲಿ ಹೊಸ ಡಿಸ್ಕನ್ನು ಕೂಡಿಸಿ, ಪಕ್ಕಕ್ಕೆ ಎರಡರಂತೆ ನಾಲ್ಕು ಗಿಡ್ಡ ತಿರುಪುಗಳನ್ನು ಬಿಗಿಯಬೇಕು. ಸಡಿಲಬಿಟ್ಟರೆ ಡಿಸ್ಕು ಅದುರುತ್ತದೆ. ಆಮೇಲೆ ಎರಡೇ ತಂತಿಗಳು. ೭ ಸಂಪರ್ಕಗಳ ಕಿರಿಯ ತಂತಿ ಡಿಸ್ಕಿನಿಂದ ಮದರ್‌ಬೋರ್ಡಿಗೆ. ಅದು ಮಾಹಿತಿಯ ಹಾದಿ. ೧೫ ಸಂಪರ್ಕಗಳ ಅಗಲವಾದುದು ವಿದ್ಯುತ್ ಪೂರೈಸುವ ಘಟಕದಿಂದ ಡಿಸ್ಕಿಗೆ. ಅದು ಆಹಾರದ ಹಾದಿ. ಎರಡರ ಬಾಯಿಗೂ ಒಂದು ತುದಿಯಲ್ಲಿ ಮಡಿಕೆಯಿರುವುದರಿಂದ ತಿರುಗುಮುರುಗಾಗಿ ಕೂಡುವುದಿಲ್ಲ. ಕೂಡದಿದ್ದರೆ ಬಲಪ್ರಯೋಗ ಸಲ್ಲದು. ಬೇರೆ ಯಂತ್ರದ ವಿದ್ಯುತ್ ಘಟಕಕ್ಕೆ ಸೇರಿದ ತಂತಿಯನ್ನು ಎರವಲು ತಂದು ಸಿಕ್ಕಿಸುವುದೂ ಅಪಾಯ. ಬಾಯಿ ಒಂದೇ ಬಗೆಯದಾದರೂ ಒಳಗಿನ ವಿದ್ಯುತ್ತಿನ ಕ್ರಮ ಬೇರೆಯಾಗಿದ್ದು ಡಿಸ್ಕು ಸುಟ್ಟುಹೋಗಬಹುದು.

ಮುಚ್ಚಳ ಹಾಕಿ ಯಂತ್ರವನ್ನು ಚಾಲೂ ಮಾಡಿದ ಕೂಡಲೇ ಹೊಸ ಡಿಸ್ಕ್ ಕಾಣಿಸಿಕೊಳ್ಳದಿದ್ದರೆ ಗಾಬರಿಗೆ ಕಾರಣವಿಲ್ಲ. ಅದಿನ್ನೂ ಗೆರೆಯೆಳೆಯದ ಖಾಲಿ ಹಾಳೆ. ವಿಂಡೋಸ್ ಗಣಕದಲ್ಲಾದರೆ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬಲ್ಲಿಗೆ ಹೋಗಿ ಅದನ್ನು ಸಿದ್ಧಗೊಳಿಸಬೇಕು. ಯಂತ್ರ ‘ಎಂ.ಬಿ.ಆರ್.’ ಬೇಕೋ ‘ಜಿ.ಪಿ.ಟಿ.’ ಬೇಕೋ ಎಂದು ಕೇಳುವುದು. ಮೊದಲನೆಯದು ಹಳೆಯ ಪದ್ಧತಿ. ಸಾಮಾನ್ಯವಾಗಿ ೨ ಟೆರಾಬೈಟಿನಾಚೆಗೆ ಅದರ ಲೆಕ್ಕ ಓಡದು. ಎರಡನೆಯದನ್ನು ಆರಿಸುವುದೇ ಲೇಸು. ಒಂದು ಟೆರಾಬೈಟಿನ ಡಿಸ್ಕು ೯೩೧ ಗಿಗಾಬೈಟೆಂದು ತೋರಿದರೆ ಅಂಗಡಿಯವನ ಮೇಲೆ ಸಂಶಯಪಡಬೇಕಾಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ ೧,೦೨೪ರ ಲೆಕ್ಕದಲ್ಲಿ ಎಣಿಸುತ್ತದೆ, ವ್ಯತ್ಯಾಸ ಅಳತೆಗೋಲಿನದು.

ಅಂಜಬೇಕಾದ ಮೊದಲ ಸ್ಥಳ ಇದೇ. ಆ ಪಟ್ಟಿಯಲ್ಲಿ ಹೊಸ ಡಿಸ್ಕಿನೊಡನೆ ಹಳೆಯದೂ ಇರುತ್ತದೆ. ಗಾತ್ರವನ್ನೂ ಹೆಸರನ್ನೂ ಎರಡೆರಡು ಸಲ ನೋಡದೆ, ಅವಸರದಲ್ಲಿ ಹಳೆಯದನ್ನೇ ಫಾರ್ಮ್ಯಾಟ್ ಮಾಡಿದರೆ, ಹಲವು ವರ್ಷಗಳ ಸಂಗ್ರಹ ಕಣ್ಣೆದುರಿಗೇ ಮರೆಯಾಗುವುದು. ತಜ್ಞರು ಕೆಲವೊಮ್ಮೆ ಮರಳಿ ತಂದಾರು. ಆ ಭರವಸೆಯನ್ನು ನಂಬಿ ಕುಳಿತುಕೊಳ್ಳುವಂತಿಲ್ಲ.

ಎರಡನೆಯ ಸ್ಥಳ ಇನ್ನೂ ಗೂಢವಾದುದು. ಹೊಸ ಡಿಸ್ಕು ಬಂದ ಸಂಭ್ರಮದಲ್ಲಿ ಹಳೆಯದರಲ್ಲಿದ್ದ ಚಿತ್ರಗಳನ್ನೆಲ್ಲ ಇತ್ತ ಸಾಗಿಸಿ, ಅತ್ತ ಅಳಿಸಿ, ‘ಜಾಗವಾಯಿತು’ ಎಂದು ಹಿಗ್ಗುವವರೇ ಬಹಳ. ಸ್ಥಳವೇನೋ ಬದಲಾಯಿತು, ಪ್ರತಿ ಮಾತ್ರ ಒಂದೇ ಉಳಿಯಿತು. ಡಿಸ್ಕು ಹೊಸದಾದ ಮಾತ್ರಕ್ಕೆ ಚಿರಂಜೀವಿಯಲ್ಲ. ಕೆಲವು ಮೊದಲ ತಿಂಗಳುಗಳಲ್ಲೇ ಕೆಡುವುವು, ಕೆಲವು ಹತ್ತು ವರ್ಷ ಬಾಳುವುವು. ಯಾವುದು ಯಾವಾಗ ಎಂದು ನುಡಿಯುವ ಜ್ಯೋತಿಷ್ಯವಿಲ್ಲ. ‘ಟಕ್ ಟಕ್’ ಎಂಬ ಅಸಹಜ ಸದ್ದು ಕೇಳಿಬಂದಾಗ ಹಲವು ವೇಳೆ ಕಾಲ ಮಿಂಚಿರುತ್ತದೆ.

ನಮ್ಮ ಹಿರಿಯರು ಈ ಗುಟ್ಟನ್ನು ಬಲ್ಲವರಾಗಿದ್ದರು. ಓಲೆಗರಿಯ ಗ್ರಂಥಕ್ಕೆ ಗೆದ್ದಲು, ಬೆಂಕಿ, ನೀರು ಎಲ್ಲವೂ ವೈರಿಗಳೇ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಓಲೆಯ ಗಟ್ಟಿತನವನ್ನು ನಂಬಿ ಕೂಡದೆ, ಪ್ರತಿಗಳು ಹಲವು ಕೈ ಸೇರುವಂತೆ ಆಕೆ ಮಾಡಿದಳು.

ಹಾಗೆಯೇ ಹೊಸ ಡಿಸ್ಕನ್ನು ಎರಡನೆಯ ಪ್ರತಿಗಾಗಿ ಮೀಸಲಿಡುವುದು ಜಾಣತನ. ಆದರೆ ಎರಡು ಡಿಸ್ಕುಗಳೂ ಒಂದೇ ಪೆಟ್ಟಿಗೆಯಲ್ಲಿರುವ ತನಕ ಸಿಡಿಲು, ಕಳ್ಳತನ, ಕೆಡುಕು ತಂತ್ರಾಂಶ ಇವುಗಳಿಗೆ ಎರಡೂ ಒಂದೇ ತುತ್ತು. ಆದುದರಿಂದ ಅತಿ ಮುಖ್ಯವಾದವುಗಳ ಮೂರನೆಯ ಪ್ರತಿಯೊಂದು, ಹೊರಗಿಡುವ ಡಿಸ್ಕಿನಲ್ಲಿ, ಊರಲ್ಲಿರುವ ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇರಲಿ. ಕೆಟ್ಟ ಯಂತ್ರಕ್ಕೆ ಬದಲು ಅಂಗಡಿಯಲ್ಲಿ ಇನ್ನೊಂದು ಯಂತ್ರ ಸಿಕ್ಕೀತು. ಅಜ್ಜಿಯ ಧ್ವನಿಗೆ ಬದಲು ಸಿಕ್ಕದು.