ಪ್ರಜಾಪ್ರಭುತ್ವದ ಹಬ್ಬ

ಯುಗಾದಿ, ದಸರೆಗಳಂಥ ಹಬ್ಬಗಳನ್ನು ನಾವೆಲ್ಲ ಬಲ್ಲೆವು. ಪ್ರಜಾಪ್ರಭುತ್ವಕ್ಕೂ ಒಂದು ಹಬ್ಬವುಂಟೆ? ಉಂಟು. ಸೆಪ್ಟೆಂಬರ್ 15ನೆಯ ದಿನವನ್ನು ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನವಾಗಿ ಆಚರಿಸಬೇಕೆಂದು ವಿಶ್ವಸಂಸ್ಥೆಯು 2007ರಲ್ಲಿ ನಿರ್ಣಯಿಸಿತು. ಜಗತ್ತಿನ ಸಂಸತ್ತುಗಳೆಲ್ಲ ಕೂಡಿಕೊಳ್ಳಲೆಂದು 1889ರಲ್ಲಿ ಹುಟ್ಟಿದ ಅಂತರ ಸಂಸದೀಯ ಒಕ್ಕೂಟವು 2009ರ ಆಚರಣೆಗೆ ರಾಜಕೀಯ ಸಹಿಷ್ಣುತೆಯನ್ನೇ ವಿಷಯವಾಗಿ ಆರಿಸಿಕೊಂಡಿತು. ನಮ್ಮ ರಾಜ್ಯದಲ್ಲಿ 2024ರ ಆ ದಿನದಂದು ಬೀದರಿನಿಂದ ಚಾಮರಾಜನಗರದವರೆಗೆ ಜನರು ಕೈ ಕೈ ಹಿಡಿದು ಮಾನವ ಸರಪಳಿಯಾಗಿ ನಿಂತರು.

ರಾಜಕೀಯ ಸಹಿಷ್ಣುತೆ ಎಂದರೇನು? ನಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಮಾತನ್ನು ತಾಳ್ಮೆಯಿಂದ ಕೇಳುವುದು. ಆ ಮಾತನ್ನು ಆಡಿದವನನ್ನು ವೈರಿಯೆಂದು ಎಣಿಸದಿರುವುದು. ತನ್ನ ಅಭಿಪ್ರಾಯವನ್ನು ಬಿಟ್ಟುಕೊಡುವುದಾಗಲಿ, ಅನ್ಯಾಯವನ್ನು ಕಂಡು ಸುಮ್ಮನಿರುವುದಾಗಲಿ ಸಹಿಷ್ಣುತೆಯಲ್ಲ.

ಮೈಸೂರು ಸೀಮೆಯಲ್ಲಿ ಹಬ್ಬಕ್ಕೂ ಪ್ರತಿನಿಧಿಗಳ ಸಭೆಗೂ ಹಳೆಯ ನಂಟು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, ಮೈಸೂರು ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಸೇರಿತು. ಅದು ದಸರಾ ಉತ್ಸವದ ಸಮಯ. ಸಂಸ್ಥಾನದ ನಾನಾ ಕಡೆಗಳಿಂದ ಬಂದ ರೈತರು, ವರ್ತಕರು ಮುಂತಾದ 144 ಮಂದಿ ಪ್ರತಿನಿಧಿಗಳು ದಿವಾನರ ಎದುರಿನಲ್ಲಿ ಕುಳಿತರು. ತುಮಕೂರು ಆಗ ಆ ಸಂಸ್ಥಾನದ ಒಂದು ಜಿಲ್ಲೆಯಾಗಿತ್ತು. ಆರಂಭದಲ್ಲಿ ಪ್ರತಿನಿಧಿಗಳನ್ನು ಜನರು ಚುನಾಯಿಸುತ್ತಿರಲಿಲ್ಲ. ಸಭೆಗೆ ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ಆದರೂ ಆಳುವವರು ಜನರ ಅಹವಾಲನ್ನು ಕುಳಿತು ಕೇಳಬೇಕೆಂಬ ಪದ್ಧತಿ ಅಲ್ಲಿ ಬೇರೂರಿತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಅದರ ಜೊತೆಗೂಡಿತು.

ಇಂದು ನಮ್ಮ ವಿಧಾನಸಭೆಯಲ್ಲಿ 224 ಸ್ಥಾನಗಳಿವೆ. ತುಮಕೂರು ನಗರ, ಗುಬ್ಬಿ, ಕುಣಿಗಲ್ ಒಂದೊಂದೂ ಒಬ್ಬೊಬ್ಬ ಶಾಸಕರನ್ನು ಆರಿಸಿ ಕಳುಹಿಸುತ್ತವೆ. ಲೋಕಸಭೆಯ ಚುನಾವಣೆಯಲ್ಲಿ ತುಮಕೂರು ನಗರವೂ ಗುಬ್ಬಿಯೂ ತುಮಕೂರು ಕ್ಷೇತ್ರಕ್ಕೆ ಸೇರಿದರೆ, ಅದೇ ಜಿಲ್ಲೆಯ ಕುಣಿಗಲ್ ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ ಸೇರುತ್ತದೆ. ಹೀಗೆ ನೆರೆಹೊರೆಯ ಊರುಗಳು ಬೇರೆ ಬೇರೆ ಪಕ್ಷದವರನ್ನು ಗೆಲ್ಲಿಸಬಹುದು. ಅವರೆಲ್ಲ ಒಂದೇ ಸೂರಿನಡಿ ಕುಳಿತು, ಒಪ್ಪದ ವಿಷಯಗಳನ್ನು ಕುರಿತು ಮಾತನಾಡಬೇಕು. ಇದಕ್ಕಾಗಿಯೇ ಸದನಕ್ಕೆ ನಿಯಮಗಳಿವೆ.

ಕುಣಿಗಲಿನ ದೊಡ್ಡಕೆರೆಯಂಥ ಕೆರೆಯ ಅಚ್ಚುಕಟ್ಟನ್ನು ನೆನೆಯಿರಿ. ತೂಬಿನ ಬಳಿಯ ಗದ್ದೆಗೂ ಕೊನೆಯಂಚಿನ ಗದ್ದೆಗೂ ಸರದಿಯಂತೆ ನೀರು ಹಾಯಿಸುವವನು ನೀರುಗಂಟಿ. ಅವನು ಪಕ್ಷಪಾತ ಮಾಡಿದರೆ ಕೊನೆಯ ಗದ್ದೆಯ ಪೈರು ಒಣಗುತ್ತದೆ. ಸದನದಲ್ಲಿ ಮಾತಿನ ಸರದಿಯನ್ನು ಹಂಚುವವರು ಸಭಾಧ್ಯಕ್ಷರು. ಅವರು ಸಾಮಾನ್ಯವಾಗಿ ಮತ ಹಾಕುವುದಿಲ್ಲ. ಮತಗಳು ಸಮಸಮವಾದಾಗ ಮಾತ್ರ ನಿರ್ಣಾಯಕ ಮತ ನೀಡುತ್ತಾರೆ. ಸದಸ್ಯರು ಪರಸ್ಪರರನ್ನು ನೇರವಾಗಿ ಎದುರಿಸದೆ ಅಧ್ಯಕ್ಷರನ್ನು ಉದ್ದೇಶಿಸಿ ಮಾತನಾಡುತ್ತಾರೆ. ಅಸಭ್ಯ ಮಾತುಗಳನ್ನು ಕಡತದಿಂದ ತೆಗೆಸುವ ಅಧಿಕಾರ ಅಧ್ಯಕ್ಷರಿಗಿದೆ. ಪ್ರಶ್ನೋತ್ತರದ ವೇಳೆಯಲ್ಲಿ ವಿರೋಧ ಪಕ್ಷದವರ ಪ್ರಶ್ನೆಗೂ ಮಂತ್ರಿಗಳು ಉತ್ತರ ಕೊಡಲೇಬೇಕು. ಸದನದಲ್ಲಿ ಆಡಿದ ಮಾತಿಗಾಗಿ ಸದಸ್ಯನ ಮೇಲೆ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡುವಂತಿಲ್ಲ. ಈ ರಕ್ಷಣೆಯನ್ನು ಸಂವಿಧಾನವೇ ಕೊಟ್ಟಿದೆ. ಸದಸ್ಯರಾಗಿದ್ದವರು ತೀರಿಕೊಂಡಾಗ, ಅವರು ಯಾವ ಪಕ್ಷದವರೇ ಆಗಿರಲಿ, ಸದನವೆಲ್ಲ ಎದ್ದು ನಿಂತು ಮೌನ ಆಚರಿಸುತ್ತದೆ.

ವಿರೋಧಿಗಳ ಮಾತನ್ನು ಕೇಳುವುದರಿಂದ ನಾಡಿಗೆ ಏನು ಲಾಭ? ಶಾಂತವೇರಿ ಗೋಪಾಲಗೌಡರ ನಿದರ್ಶನವನ್ನು ನೋಡೋಣ. ಅವರು 1952ರಲ್ಲಿ ವಿಧಾನಸಭೆಗೆ ಬಂದ ಸಮಾಜವಾದಿ ನಾಯಕರು. ವಿರೋಧ ಪಕ್ಷದ ಸಾಲಿನಲ್ಲಿ ಕುಳಿತವರು. ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರಿಡಬೇಕೆಂದು ಒತ್ತಾಯಿಸಿದವರಲ್ಲಿ ಅವರು ಪ್ರಮುಖರು. 1972ರಲ್ಲಿ ಅವರು ಕಾಲವಾದರು. 1973ರ ನವೆಂಬರ್ 1ರಂದು, ಬೇರೆ ಪಕ್ಷದ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯಕ್ಕೆ ಆ ಹೆಸರೇ ಬಂದಿತು. ಅಲ್ಪಮತದವರ ಬಾಯಿ ಮುಚ್ಚಿಸಿದ ಸಭೆಯು ನಾಳೆ ತನಗೇ ಬೇಕಾಗುವ ವಿಚಾರವನ್ನು ಕಳೆದುಕೊಂಡೀತು.

ಸದನಗಳು ಯಾವಾಗಲೂ ಈ ನಿಯಮದಂತೆ ನಡೆಯುತ್ತವೆಯೆ? ಇಲ್ಲ. ಕೂಗಾಟದಲ್ಲಿ ಕಲಾಪ ಮುಳುಗುವುದುಂಟು. ಕಾಗದಪತ್ರಗಳನ್ನು ಹರಿದೆಸೆಯುವುದೂ ಉಂಟು. ಅಂಥ ದಿನ ನಷ್ಟ ಯಾರಿಗೆ? ಹದಗೆಟ್ಟ ರಸ್ತೆಯ ಬಗೆಗೆ, ಬರಿದಾದ ಕೆರೆಯ ಬಗೆಗೆ ತಮ್ಮ ಪ್ರತಿನಿಧಿಯು ಕೇಳಬೇಕಾಗಿದ್ದ ಪ್ರಶ್ನೆಗೆ ಉತ್ತರ ಕಾಯುತ್ತಿದ್ದ ಊರಿನವರಿಗೆ.

ಸದನದ ನಡತೆಯು ಊರಿಗೆ ಇಳಿಯುತ್ತದೆ. ಊರಿನ ನಡತೆಯು ಸದನಕ್ಕೆ ಏರುತ್ತದೆ. ಪಂಚಾಯಿತಿ ಚುನಾವಣೆಯ ಕಾಲದಲ್ಲಿ ಮುನಿದ ಎರಡು ಮನೆಗಳವರು ವರ್ಷಗಟ್ಟಲೆ ಮಾತು ಬಿಡುವುದನ್ನೂ, ಒಬ್ಬರ ಮನೆಯ ಶುಭಕಾರ್ಯಕ್ಕೆ ಮತ್ತೊಬ್ಬರು ಹೋಗದಿರುವುದನ್ನೂ ಹಳ್ಳಿಗಳಲ್ಲಿ ಕಾಣುತ್ತೇವೆ. ಮತ ಎಣಿಸಿದ ಮೇಲೆ ಗೆದ್ದವನು ಸೋತವನ ಮನೆಯ ಬೀದಿಗೂ ನೀರು ತರಬೇಕು. ಸೋತವನು ತೀರ್ಪಿಗೆ ತಲೆಬಾಗಬೇಕು, ಆದರೆ ಪ್ರಶ್ನಿಸುವುದನ್ನು ಬಿಡಬಾರದು.

ಈ ಪಾಠಕ್ಕೆ ಮತದಾನದ ವಯಸ್ಸು ಬರುವವರೆಗೆ ಕಾಯಬೇಕಿಲ್ಲ. ತರಗತಿಯ ನಾಯಕನನ್ನು ಆರಿಸುವಾಗ, ಚರ್ಚಾಸ್ಪರ್ಧೆಯಲ್ಲಿ ಎದುರು ಪಕ್ಷದವನು ಮಾತನಾಡುವಾಗ, ಅವನ ಮಾತು ಮುಗಿಯುವವರೆಗೆ ಕೇಳಿ, ಆಮೇಲೆ ಉತ್ತರ ಕೊಡುವುದನ್ನು ರೂಢಿಸಿಕೊಳ್ಳಬಹುದು. ಹಾಗೆ ಕೇಳಲು ಕಲಿತವರಿಂದ ತುಂಬಿದ ಸದನದಲ್ಲಿ ಪ್ರಜಾಪ್ರಭುತ್ವಕ್ಕೆ ಪ್ರತಿದಿನವೂ ಹಬ್ಬವೇ.