ಸೂಟಿ ಬಿಡುವ ಮುಂಜಾನೆ

ಬಾದಾಮಿ ಬಿಟ್ಟ ಬಸ್ಸು ಪಟ್ಟದಕಲ್ಲಿನ ದಾರಿ ಹಿಡಿದು ಬಯಲಿಗೆ ಬಂದಾಗ ಏಪ್ರಿಲ್ ತಿಂಗಳ ಬಿಸಿಲಿಗೆ ಇನ್ನೂ ಝಳ ಏರಿರುವುದಿಲ್ಲ. ಕಿಟಕಿಯ ಗಾಜು ಸರಿಸಿದರೆ ಬೇವಿನ ಹೂವಿನ ಕಂಪು, ಅದರ ಬೆನ್ನಿಗೇ ಒಣ ಮಣ್ಣಿನ ವಾಸನೆ, ಎಲ್ಲೋ ಬದುವಿನಲ್ಲಿ ಕಸ ಸುಟ್ಟ ಹೊಗೆ. ಜೋಳ, ಕಡಲೆಯ ರಾಶಿ ಮುಗಿದು ಎರೆಹೊಲಗಳು ಬಿರುಕು ಬಿಟ್ಟಿವೆ. ಕಣಿಕೆಯ ಬಣವೆಗಳು ಊರ ಅಂಚಿಗೆ ಸಾಲಾಗಿ ನಿಂತಿವೆ. ಅವುಗಳಾಚೆ ಮರಳುಗಲ್ಲಿನ ಗುಡ್ಡಗಳು ಎಳೆ ಬಿಸಿಲಿಗೆ ಕೆಂಪೇರುತ್ತಿವೆ. ಬಸ್ಸಿನ ತುಂಬ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದ ಹುಡುಗಿಯರು. ಇವತ್ತು ಯಾರ ಬೆನ್ನಿಗೂ ಚೀಲವಿಲ್ಲ. ಕಂಡಕ್ಟರ್ ಒಬ್ಬೊಬ್ಬರಿಗೂ ಶೂನ್ಯ ಮೊತ್ತದ ಟಿಕೆಟ್ ಹರಿದು ಕೊಡುತ್ತ ಬರುತ್ತಾನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಂದಿನಿಂದ ಹೈಸ್ಕೂಲಿಗೆ ಹೋಗುವ ಹುಡುಗಿಯ ಬಸ್ ಚಾರ್ಜು ಮನೆಯ ಲೆಕ್ಕದಿಂದ ಇಳಿದುಹೋಗಿದೆ.

ಬನ್ನಿ, ಇವರ ಜೊತೆಗೇ ಇಳಿಯೋಣ. ಮಲಪ್ರಭೆಯ ದಂಡೆಗುಂಟ ಇರುವ ಊರುಗಳ ಯಾವುದಾದರೂ ಒಂದು ಸರ್ಕಾರಿ ಹೈಸ್ಕೂಲಿನ ಅಂಗಳ ಇದು ಎಂದುಕೊಳ್ಳಿ. ಏಪ್ರಿಲ್ 10ರಂದು ಪಟ್ಟದಕಲ್ಲಿನ ಸುತ್ತ ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ ಚಿತ್ರ. ಈ ದಿನ ಶೈಕ್ಷಣಿಕ ವರ್ಷದ ಬಾಗಿಲು ಹಾಕುತ್ತದೆ. ನಾಳೆಯಿಂದ ಬೇಸಿಗೆ ಸೂಟಿ.

ಅಂಗಳಕ್ಕೆ ನೀರು ಚಿಮುಕಿಸಿ ಕಸ ಗುಡಿಸಿದ್ದಾರೆ. ಹಸಿ ನೆಲದ ಮೇಲೆ ಬೇವಿನ ಹೂವು ಮತ್ತೆ ಉದುರಿ ಬಿಳಿ ಚುಕ್ಕೆಗಳಾಗಿವೆ. ಗಂಟೆ ಬಾರಿಸಿದ್ದೇ ತಡ, ಹುಡುಗರು ಓಡಿ ಬಂದು ಸಾಲು ಹಿಡಿಯುತ್ತಾರೆ. ಎತ್ತರದವರು ಹಿಂದೆ, ಕುಳ್ಳರು ಮುಂದೆ. ವರ್ಷದ ಆರಂಭದಲ್ಲಿ ಮುಂದಿನ ಸಾಲಿನಲ್ಲಿದ್ದವನೊಬ್ಬ ಈಗ ನಾಲ್ಕು ಸಾಲು ಹಿಂದೆ ಸರಿದಿದ್ದಾನೆ, ಪ್ಯಾಂಟು ಮಾತ್ರ ಹಳೆಯ ಅಳತೆಯಲ್ಲೇ ಉಳಿದು ಕಣಕಾಲು ಕಾಣುತ್ತಿದೆ. ನಾಡಗೀತೆಯ ದನಿ ಇವತ್ತು ಎಂದಿಗಿಂತ ಜೋರು. ಹಾಡು ಮುಗಿದ ಮೇಲೆ ಮುಖ್ಯ ಗುರುಗಳು ಎರಡು ಮಾತು ಹೇಳುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಆಗಲೇ ಗುಸುಗುಸು ಎದ್ದಿರುತ್ತದೆ.

ಹತ್ತನೆಯ ತರಗತಿಯ ಕೋಣೆ ಖಾಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಏಪ್ರಿಲ್ ಮೊದಲ ವಾರದ ಹೊತ್ತಿಗೇ ಮುಗಿದಿದೆ. ಬಾಗಿಲು ತೆರೆದು ನೋಡಿದರೆ ಡೆಸ್ಕುಗಳ ಮೇಲೆ ನೋಂದಣಿ ಸಂಖ್ಯೆಯ ಚೀಟಿ ಹಚ್ಚಿ ಕಿತ್ತ ಗುರುತು, ಫಳಿಯ ಮೂಲೆಯಲ್ಲಿ ಯಾರೋ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಹೋದ ಹೆಸರುಗಳ ಉದ್ದ ಸಾಲು. ಗೋಡೆಗೆ ಹೊಸ ಗಡಿಯಾರ ಬಂದಿದೆ, ಅದರ ಕೆಳಗೆ ಈ ವರ್ಷದ ಹತ್ತನೆಯವರ ಕಾಣಿಕೆ ಎಂಬ ಅಕ್ಷರಗಳು. ಬೀಳ್ಕೊಡುಗೆಯ ದಿನ ಸರಸ್ವತಿ ಪೂಜೆ ಮಾಡಿ, ಗೋಧಿ ಹುಗ್ಗಿ ಉಂಡು, ದುಡ್ಡು ಕೂಡಿಸಿ ತಂದುಕೊಟ್ಟ ಗಡಿಯಾರ ಅದು. ಅಂದು ಅತ್ತವರು, ನಕ್ಕವರು, ಗುರುಗಳ ಕಾಲಿಗೆ ಬಿದ್ದವರು ಈಗ ಊರೂರಲ್ಲಿ ಚದುರಿ ಫಲಿತಾಂಶದ ದಾರಿ ನೋಡುತ್ತಿದ್ದಾರೆ.

ಅವರ ಕಾಯುವಿಕೆಯಲ್ಲಿ ಈಚಿನ ವರ್ಷಗಳಲ್ಲಿ ಅಂಜಿಕೆಯೂ ಸೇರಿದೆ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. ಮರುವರ್ಷ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾಯಿತು. ಕೃಪಾಂಕ ಕೊಟ್ಟರೂ ಶೇ 73.40ಕ್ಕೆ ಇಳಿಯಿತು. ಆದರೆ ಅದೇ 2024ರಲ್ಲಿ 625ಕ್ಕೆ 625 ಅಂಕ ಪಡೆದು ಇಡೀ ರಾಜ್ಯಕ್ಕೆ ಮೊದಲಿಗಳಾದ ಹುಡುಗಿ ಈ ಬಾಗಲಕೋಟೆ ಜಿಲ್ಲೆಯವಳೇ. ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಓದಿದ ರೈತನ ಮಗಳು. ಆ ಸುದ್ದಿ ಬಂದ ದಿನದಿಂದ ಇಲ್ಲಿನ ಗುರುಗಳು ಹುಡುಗಿಯರಿಗೆ ಬುದ್ಧಿ ಹೇಳುವಾಗ ಬೆಂಗಳೂರಿನ ಉದಾಹರಣೆ ಹುಡುಕಬೇಕಾಗಿಲ್ಲ. ಫೇಲಾದವರಿಗೂ ಈಗ ದಾರಿ ಮುಚ್ಚುವುದಿಲ್ಲ. ಆ ವರ್ಷದಿಂದಲೇ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತಿದೆ, ಅದರಲ್ಲಿ ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಈ ಮಾತನ್ನು ಹಳ್ಳಿಯ ಕಟ್ಟೆಕಟ್ಟೆಗೆ ಮುಟ್ಟಿಸುವುದೇ ಸೂಟಿಯಲ್ಲಿ ಗುರುಗಳಿಗೆ ಒಂದು ಕೆಲಸ.

ಬಿಸಿಲು ವರಾಂಡದ ಮೊದಲ ಮೆಟ್ಟಿಲಿಗೆ ಬರುವಷ್ಟರಲ್ಲಿ ತಾಯಂದಿರು ಬರತೊಡಗುತ್ತಾರೆ. ಇವತ್ತು ಎಂಟು, ಒಂಬತ್ತನೆಯ ತರಗತಿಯ ಫಲಿತಾಂಶ. ‘ಸಮುದಾಯದತ್ತ ಶಾಲೆ’ ಎಂದು ಇಲಾಖೆ ಹೆಸರಿಟ್ಟ ಈ ದಿನ ಪಾಲಕರನ್ನು ಕರೆದು ಮಕ್ಕಳ ಉತ್ತರ ಪತ್ರಿಕೆಗಳನ್ನು ಅವರ ಕೈಗೇ ಕೊಟ್ಟು ತೋರಿಸುವ ರೂಢಿ. ಇಲಕಲ್ಲ ಸೀರೆಯ ಕೆಂಪು ಸೆರಗು ತಲೆತುಂಬ ಹೊದ್ದ ಅಜ್ಜಿ, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟ ನಡುವಯಸ್ಸಿನವಳು, ಹೊಲದಿಂದ ನೇರ ಬಂದು ಕೈಯಲ್ಲಿನ ಬುತ್ತಿ ಗಂಟನ್ನು ಕಟ್ಟೆಯ ಮೇಲಿಟ್ಟವಳು, ಟೊಪ್ಪಿಗೆ ತೆಗೆದು ಬಗಲಲ್ಲಿಟ್ಟುಕೊಂಡ ಗಂಡಸರು ಮೂರು ನಾಲ್ಕು ಮಂದಿ. ಸಣ್ಣ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಕೂತ ಅವರ ಕೈಗೆ ದಾರ ಪೋಣಿಸಿದ ಉತ್ತರ ಪತ್ರಿಕೆ ಬಂದಾಗ ಕೆಲವರು ಅಕ್ಷರ ಓದುತ್ತಾರೆ, ಕೆಲವರು ಕೆಂಪು ಶಾಯಿ ಎಷ್ಟಿದೆ ಎಂದು ನೋಡುತ್ತಾರೆ, ಕೆಲವರು ಹಾಳೆಯ ಮೇಲೆ ಬೆರಳಾಡಿಸಿ ಮಗಳ ಮುಖ ನೋಡುತ್ತಾರೆ. 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಗಂಡಸರಲ್ಲಿ ನೂರಕ್ಕೆ ಸುಮಾರು 79 ಮಂದಿಗೆ ಓದುಬರಹ ಗೊತ್ತಿತ್ತು, ಹೆಂಗಸರಲ್ಲಿ 58 ಮಂದಿಗೆ. ರಿಜಿಸ್ಟರಿನ ಪುಟದಲ್ಲಿ ಆ ಲೆಕ್ಕ ಕಣ್ಣಿಗೇ ಕಾಣುತ್ತದೆ. ಸಹಿಗಳ ನಡುನಡುವೆ ನೀಲಿ ಹೆಬ್ಬೆಟ್ಟಿನ ಗುರುತು, ಅದರ ಪಕ್ಕದಲ್ಲೇ ಮಗಳು ದುಂಡಗೆ ಬರೆದ ಅವ್ವನ ಹೆಸರು.

“ಪಾಸ್ ಆಗ್ಯಾಳೇನ್ರಿ ಅಕ್ಕೋರ?”

“ಆಗ್ಯಾಳ ನೋಡ್ರಿ ಯವ್ವಾ. ಗಣಿತದಾಗ ಒಂದೀಟು ಹಿಂದ ಅದಾಳ, ಅದೇನ್ ದೊಡ್ಡ ಮಾತಲ್ಲ. ಮುಂದ ಹತ್ತನೇತ್ತ. ಸೂಟಿಯಾಗ ಮದುವಿ ಮಾತು ಎತ್ತಬ್ಯಾಡ್ರಿ ಮತ್ತ.”

ತಾಯಿ ಸೆರಗಿನ ತುದಿ ತಿರುವುತ್ತ, “ಎಲ್ಲೀ ಮದುವಿರಿ, ಇನ್ನೂ ಕೂಸೈತಿ” ಅನ್ನುತ್ತಾಳೆ. ಈ ಕಡೆ ಅಕ್ಕೋರು ಎಂದು ಕರೆಸಿಕೊಳ್ಳುವ ಶಿಕ್ಷಕಿ ನಕ್ಕು ಸುಮ್ಮನಾಗುವುದಿಲ್ಲ. ಮೇ ತಿಂಗಳೆಂದರೆ ಲಗ್ನದ ಹಂಗಾಮು, ಅಣ್ಣನ ಮದುವೆಯ ಹಂದರದಲ್ಲೇ ತಂಗಿಯದೂ ಆಗಿಬಿಟ್ಟರೆ ಖರ್ಚು ಉಳಿಯಿತು ಎಂಬ ಲೆಕ್ಕ ಈ ಸೀಮೆಯ ಬಡ ಮನೆಗಳಲ್ಲಿ ಹೊಸದಲ್ಲ. ಹದಿನೆಂಟು ತುಂಬುವ ಮೊದಲು ಮದುವೆ ಮಾಡಿದರೆ ಶಿಕ್ಷೆ ಎಂದು 2006ರ ಕಾಯ್ದೆ ಹೇಳುತ್ತದೆ. ಕಾಯ್ದೆಯನ್ನು ತಾಯಿಗೆ ಹೇಳಿದ ಅಕ್ಕೋರು ಹುಡುಗಿಯ ಕೈಗೆ ಬರೆದುಕೊಡುವುದು 1098 ಎಂಬ ಮಕ್ಕಳ ಸಹಾಯವಾಣಿಯ ನಂಬರು.

ಅತ್ತ ಇನ್ನೊಂದು ಬೆಂಚಿನಲ್ಲಿ ಅಪ್ಪನೊಬ್ಬ ಮಗನ ಪ್ರಗತಿ ಪತ್ರ ಮಡಚಿ ಜೇಬಿಗಿಡುತ್ತಾನೆ. “ನಾಳಿ ರಾತ್ರಿ ಮಂಗಳೂರಿಗೆ ಹೊಂಟೀವ್ರಿ ಸರ್. ಕಟ್ಟಡದ ಕೆಲಸ. ಇವನ್ನೂ ಕರಕೊಂಡ್ ಹೋಗ್ತೀವಿ, ಮನ್ಯಾಗ ನೋಡಾವ್ರು ಯಾರಿಲ್ಲ.” ಬಾದಾಮಿ, ಹುನಗುಂದದ ಒಣ ಬೇಸಾಯದ ಹಳ್ಳಿಗಳಿಂದ ಮಂಗಳೂರು, ಉಡುಪಿ, ಗೋವೆಯ ಕಡೆ ದುಡಿಯಲು ಹೋಗುವುದು ಹಳೆಯ ದಾರಿ. ಹೋಗಬೇಡಿ ಎಂದು ಹೇಳುವ ಹಕ್ಕು ಗುರುಗಳಿಗಿಲ್ಲ, ಅದು ಅವರಿಗೂ ಗೊತ್ತು. “ಹೋಗಿ ಬರ್ರಿ. ಮೇ 29ಕ್ಕ ಸಾಲಿ ಚಾಲೂ. ಅವತ್ತ ಹುಡುಗ ಇಲ್ಲಿರಬೇಕು. ನಿಮ್ಮ ಫೋನ್ ನಂಬರ್ ಹೊಸಾದು ಇದ್ರ ಬರಸ್ರಿ.” ಹಾಜರಿ ಪುಸ್ತಕದ ಕಡೆಯ ಪುಟದಲ್ಲಿ ಆ ನಂಬರು ಇಳಿಯುತ್ತದೆ. ಆ ಪುಟದಲ್ಲಿ ಇಂಥವು ಆಗಲೇ ಹಲವು ಇವೆ.

ಇಷ್ಟು ಹೊತ್ತಿಗೆ ಹಿಂದಿನ ಕೋಣೆಯಿಂದ ಒಗ್ಗರಣೆಯ ಘಮ. ಬಿಸಿಯೂಟದ ಅಡುಗೆಯವರು ಸಾರಿಗೆ ಸಾಸಿವೆ ಸಿಡಿಸಿದ್ದಾರೆ, ಕಡೆಯ ದಿನವೆಂದು ಒಂದು ಬೋಗುಣಿಯಲ್ಲಿ ಸಜ್ಜಕವೂ ಬೇಯುತ್ತಿದೆ. ಬೆಲ್ಲ ಕರಗಿದ ವಾಸನೆಗೆ ಒಂಬತ್ತನೆಯವರ ಸಾಲು ತಾನಾಗಿಯೇ ಆ ಕಡೆ ವಾಲುತ್ತದೆ. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಹೈಸ್ಕೂಲಿನ ಮಕ್ಕಳ ತಟ್ಟೆಗೆ ಅದು ಬಂದದ್ದು 2007-08ರಲ್ಲಿ. ಅಂದು ಇದೇ ಅಂಗಳದಂಥ ಅಂಗಳದಲ್ಲಿ ಉಂಡ ಹುಡುಗಿಯರಲ್ಲಿ ಕೆಲವರು ಇವತ್ತು ತಾಯಂದಿರಾಗಿ ಬೆಂಚಿನಲ್ಲಿ ಕೂತಿದ್ದಾರೆ. ಅವರ ಕಣ್ಣು ಅಡುಗೆಕೋಣೆಯ ಕಡೆ ಹೊರಳಿದ್ದು ಕಂಡು ಅಡುಗೆಯಾಕೆ, “ಬಾರವ್ವ, ನೀನೂ ಒಂದ ತುತ್ತು ಉಂಡ್ ಹೋಗು” ಎಂದು ಕರೆಯುತ್ತಾಳೆ.

ಊಟದ ತಟ್ಟೆ ತೊಳೆದಿಟ್ಟ ಹುಡುಗರು ಹಳೆಯ ಪಠ್ಯಪುಸ್ತಕಗಳನ್ನು ತಂದು ಕಪಾಟಿನ ಮುಂದೆ ಪೇರಿಸುತ್ತಿದ್ದಾರೆ. ಮುಂದಿನ ವರ್ಷ ಹೊಸ ಪುಸ್ತಕ ಬರುವುದು ತಡವಾದರೆ ಇವೇ ಗತಿ. ಕಪಾಟಿನ ಕೆಳಗಿನ ಅರೆಯಲ್ಲಿ ಏನನ್ನೂ ಇಡಬಾರದೆಂಬ ಕಟ್ಟಪ್ಪಣೆ ನದಿ ದಂಡೆಯ ಶಾಲೆಗಳಲ್ಲಿ ಇನ್ನೂ ನಡೆಯುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನುಗ್ಗಿದಾಗ ಸುತ್ತಲಿನ ಊರುಗಳ ಮನೆ, ಶಾಲೆ, ಪುಸ್ತಕ, ದಾಖಲೆ ಎಲ್ಲವೂ ನೀರು ಕುಡಿದಿದ್ದವು. ಆ ವರ್ಷ ಎಂಟನೆಯಲ್ಲಿದ್ದ ಮಕ್ಕಳು ಈಗ ಕಾಲೇಜಿನ ವಯಸ್ಸಿನವರು. ಅದೇ ನದಿ ಈಗ ಏಪ್ರಿಲಿನಲ್ಲಿ ಸಣ್ಣಗಾಗಿ, ಅಲ್ಲಲ್ಲಿ ಮಡುಗಟ್ಟಿ, ಎಮ್ಮೆಗಳಿಗೆ ಮೈ ನೆನೆಸುವಷ್ಟೇ ಉಳಿದಿದೆ.

ಒಂಬತ್ತನೆಯ ತರಗತಿಯ ಹಿಂದಿನ ಗೋಡೆಗೆ ಮಕ್ಕಳು ಬರೆದ ಒಂದು ಹಾಳೆ ಹಚ್ಚಿದೆ. ಈ ವರ್ಷದ ಹೊರಸಂಚಾರದಲ್ಲಿ ನೋಡಿದ್ದನ್ನು ಅವರವರ ಅಕ್ಷರದಲ್ಲಿ ಬರೆದದ್ದು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿದ್ದು, 1987ರಲ್ಲಿ ಯುನೆಸ್ಕೊ ಈ ಗುಡಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು, ಹೀಗೆ. ಅದರಲ್ಲಿ ಒಬ್ಬ ಹುಡುಗಿ ಒಂದು ಶಾಸನದ ಕಂಬದ ಚಿತ್ರ ಬಿಡಿಸಿದ್ದಾಳೆ. 754ರಲ್ಲಿ, ಚಾಲುಕ್ಯ ಎರಡನೆಯ ಕೀರ್ತಿವರ್ಮನ ಕಾಲದಲ್ಲಿ, ಗಂಗೆಯ ಉತ್ತರ ದಂಡೆಯ ನಾಡಿನಿಂದ ಬಂದ ಜ್ಞಾನಶಿವಾಚಾರ್ಯರು ನಿಲ್ಲಿಸಿದ ಕಂಬ ಅದು. ಒಂದೇ ಸಂಸ್ಕೃತ ಪಾಠವನ್ನು ಅಲ್ಲಿ ಎರಡು ಲಿಪಿಗಳಲ್ಲಿ ಕೆತ್ತಿದ್ದಾರೆ, ಉತ್ತರದ ಸಿದ್ಧಮಾತೃಕೆಯಲ್ಲಿ ಒಮ್ಮೆ, ಅಂದು ಇಲ್ಲಿನವರು ಓದುತ್ತಿದ್ದ ಕನ್ನಡ ಲಿಪಿಯಲ್ಲಿ ಒಮ್ಮೆ. ದೂರದಿಂದ ಬಂದವರಿಗೂ ತಿಳಿಯಲಿ, ಊರಿನವರಿಗೂ ತಿಳಿಯಲಿ ಎಂದು ಅಷ್ಟು ಕಷ್ಟಪಟ್ಟ ಸೀಮೆ ಇದು. ಇಂಥ ಸೀಮೆಯ ಹುಡುಗಿಯ ಓದು ನಡುವೆ ತುಂಡಾಗಬಾರದು ಎಂದು ಆ ಚಿತ್ರದ ಮುಂದೆ ನಿಂತಾಗ ಮನಸ್ಸು ಗಟ್ಟಿಯಾಗಿ ಹೇಳುತ್ತದೆ.

ಕಚೇರಿಯ ಕೋಣೆಯಲ್ಲಿ ಇನ್ನೊಂದು ಸುದ್ದಿ ಓಡಾಡುತ್ತಿದೆ. ಹಿರಿಯ ಗುರುಗಳೊಬ್ಬರ ನಿವೃತ್ತಿ ಮೇ 31ಕ್ಕೆ. ಈ ಕಡೆಯ ಹಿರಿಯರನ್ನು ಕೇಳಿ ನೋಡಿ, ಅನೇಕರ ಹುಟ್ಟಿದ ತಾರೀಖು ಜೂನ್ 1, ಅದಕ್ಕೇ ನಿವೃತ್ತಿ ಮೇ ಕೊನೆಗೆ. ಹುಟ್ಟಿದ ದಿನ ಬರೆದಿಡದ ಕಾಲದಲ್ಲಿ ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರೇ ಕೊಟ್ಟ ಹುಟ್ಟುಹಬ್ಬ ಅದು. ಅಪ್ಪ ಹಳೆಯ ಕಾಲದ ಮುಲ್ಕಿ ಪರೀಕ್ಷೆ ಪಾಸಾದವರು, ತಾವು ಬಿ.ಎಡ್ ಮಾಡಿದವರು, ಮಗಳು ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದಿದವಳು ಎಂಬಂಥ ಮನೆಗಳು ಈ ಸೀಮೆಯಲ್ಲಿ ಬೆಳೆದದ್ದರ ಹಿಂದೆ 1906ರಲ್ಲಿ ಬಾಗಲಕೋಟೆಯಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘದಂಥ ಸಂಸ್ಥೆಗಳೂ, ಹಳ್ಳಿಯ ಇಂಥ ಸರ್ಕಾರಿ ಹೈಸ್ಕೂಲುಗಳೂ ಇವೆ. ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಳ್ಳುವ ಮಾತಾಡುತ್ತಿದ್ದಾರೆ. ದೂರದ ಊರುಗಳಲ್ಲಿ ದುಡಿಯುವವರು ಬರಲು ಅನುಕೂಲವಾಗಲೆಂದು ಭಾನುವಾರವೊಂದನ್ನು ಹುಡುಕುತ್ತಿದ್ದಾರೆ.

ಹನ್ನೊಂದರ ಬಿಸಿಲಿಗೆ ಅಂಗಳ ಕಾದಿದೆ. ಮಕ್ಕಳು ಸೂಟಿಯ ಲೆಕ್ಕ ಹಾಕುತ್ತಿದ್ದಾರೆ. ಒಬ್ಬ ಕೂಡಲಸಂಗಮದ ಹತ್ತಿರದ ಸೋದರಮಾವನ ಊರಿಗೆ ಹೋಗಿ ಕೃಷ್ಣೆಯಲ್ಲಿ ಈಜುವವನು. ಒಬ್ಬಳು ಇಲಕಲ್ಲಿನ ದೊಡ್ಡವ್ವನ ಮನೆಯಲ್ಲಿ ಮಗ್ಗದ ಪಕ್ಕ ಕೂತು ಕಂಡಿಕೆ ಸುತ್ತುವವಳು. ಇನ್ನೊಬ್ಬ ಕುರಿ ಕಾಯುವವನು. ಒಂಬತ್ತರಿಂದ ಹತ್ತಕ್ಕೆ ಹೋಗುವವರಿಗೆ ಅಕ್ಕೋರು ಗಣಿತದ ಐವತ್ತು ಲೆಕ್ಕ ಬರೆಸಿದ್ದಾರೆ. ಗೊಣಗುತ್ತಲೇ ಬರೆದುಕೊಂಡಿದ್ದಾರೆ.

ಉಚಿತ, ಕಡ್ಡಾಯ ಶಿಕ್ಷಣದ ಕಾಯ್ದೆ ಮಗುವಿನ ಕೈ ಹಿಡಿಯುವುದು ಹದಿನಾಲ್ಕು ವರ್ಷದವರೆಗೆ, ಎಂದರೆ ಎಂಟನೆಯ ತರಗತಿಯವರೆಗೆ. ಅಲ್ಲಿಂದಾಚೆ ಕೈ ಹಿಡಿಯುವವರು ಅವ್ವ, ಅಪ್ಪ, ಗುರುಗಳು, ಊರಿನವರು. ಏಪ್ರಿಲ್ 11ರಿಂದ ಮೇ 28ರವರೆಗಿನ ಈ ಏಳು ವಾರಗಳಲ್ಲೇ ಆ ಕೈ ಜಾರುವುದು ಹೆಚ್ಚು. ಕೆಲಸಕ್ಕೆ ಹೋದಲ್ಲಿಯೇ ಉಳಿದುಬಿಡುವ ಹುಡುಗ, ಲಗ್ನದ ಸುಗ್ಗಿಯಲ್ಲಿ ಕಳೆದುಹೋಗುವ ಹುಡುಗಿ ಇಬ್ಬರೂ ಇವತ್ತು ಪಾಸಾದವರೇ. ಅದಕ್ಕೇ ಈ ಶಾಲೆಗಳ ವರ್ಷದ ಫಲಿತಾಂಶವನ್ನು ಇವತ್ತಿನ ಪಟ್ಟಿಯಲ್ಲಿ ಓದಿ ಮುಗಿಸಲು ಬರುವುದಿಲ್ಲ. ಮೇ 29ರ ಹಾಜರಿ ಕೂಗಿದಾಗ ಎಷ್ಟು ಹೆಸರಿಗೆ ಉತ್ತರ ಬಂತು ಎಂಬುದನ್ನೂ ಅದಕ್ಕೆ ಸೇರಿಸಿ ಓದಬೇಕು.

ಆ ದಿನ ಬಾರದವರ ಮನೆಗೆ ಗುರುಗಳು ಹೋಗುತ್ತಾರೆ, ಕಡೆಯ ಪುಟದ ನಂಬರುಗಳಿಗೆ ಫೋನು ಹಚ್ಚುತ್ತಾರೆ. ಆದರೆ ಓಣಿಯಲ್ಲಿ ಯಾರ ಮನೆಯ ಮುಂದೆ ಹಂದರ ಏಳುತ್ತಿದೆ, ಯಾವ ಮಗು ಇನ್ನೂ ಕೆಲಸದ ಊರಿನಿಂದ ಮರಳಿಲ್ಲ ಎಂಬುದು ಗುರುಗಳಿಗಿಂತ ಮೊದಲು ನೆರೆಮನೆಯವರಿಗೆ ಗೊತ್ತಾಗುತ್ತದೆ. ಗೊತ್ತಾದವರು ಶಾಲೆಗೆ ಒಂದು ಮಾತು ತಿಳಿಸಿದರೆ ಸಾಕು. ಮುಂದಿನ ಕೆಲಸ ಮಾಡಲು ಅಕ್ಕೋರು ತಯಾರಿದ್ದಾರೆ.