ಗಿಡಕ್ಕೆ ಮೊದಲು ಭರಣಿ

ಮನೆಯಲ್ಲಿ ಮೆಣಸಿನಕಾಯಿ ಬೆಳೆಯಬೇಕೆಂದು ಹೊರಟವರು ಮೊದಲು ಕುಂಡ ಕೊಳ್ಳುತ್ತಾರೆ, ಆಮೇಲೆ ಬೀಜ ಹುಡುಕುತ್ತಾರೆ. ಗಿಡದ ತುಂಬ ಕಾಯಿ ಬಿಟ್ಟಮೇಲೆ ಇಷ್ಟನ್ನೂ ಏನು ಮಾಡುವುದೆಂಬ ಚಿಂತೆ ಶುರುವಾಗುತ್ತದೆ. ಈ ಕ್ರಮವನ್ನು ತಿರುವಿ ಹಾಕಬೇಕು. ಭರಣಿಯಲ್ಲಿ ಏನು ಕೂಡಿಡಬೇಕೆಂಬುದು ಮೊದಲು ತೀರ್ಮಾನವಾಗಲಿ. ಮೊಸರನ್ನದ ಪಕ್ಕಕ್ಕೆ ಮೊಸರಲ್ಲಿ ನೆನೆಸಿ ಒಣಗಿಸಿದ ಬಾಳಕವೋ, ಜೋಳದ ರೊಟ್ಟಿಗೆ ಕೆಂಪುಹಣ್ಣು ಕುಟ್ಟಿದ ರಂಜಕವೋ, ಸಾರಿನ ಪುಡಿಗೆ ಒಣಕಾಯಿಯೋ, ಉಪ್ಪುನೀರಿನಲ್ಲಿ ಮುಳುಗಿದ ಸೂಜಿಮೆಣಸೋ? ಒಂದೊಂದಕ್ಕೂ ಬೇರೆ ತಳಿ ಬೇಕು, ತಳಿ ಒಂದೇ ಆದರೂ ಬೇರೆ ಹದ ಬೇಕು. ಬಾಳಕಕ್ಕೆ ಬಲಿತ ಹಸಿರು ಕಾಯಿ. ರಂಜಕಕ್ಕೆ ಪೂರ್ತಿ ಕೆಂಪೇರಿದ, ಆದರೆ ಇನ್ನೂ ತೇವ ಆರದ ಹಣ್ಣು. ಪುಡಿಗೆ ಗಿಡದಲ್ಲೇ ಸುಕ್ಕುಗಟ್ಟತೊಡಗಿದ ಕಾಯಿ. ಪೇಟೆಯಲ್ಲಿ ನಮಗೆ ಸಿಗುವುದು ಹಸಿ ಮತ್ತು ಒಣ ಎಂಬ ಎರಡೇ ಹದ. ನಡುವಿನ ಆ ಕೆಂಪು ಹಣ್ಣು ಬೆಂಗಳೂರು, ಮೈಸೂರಿನ ತರಕಾರಿ ಅಂಗಡಿಗಳಲ್ಲಿ ಕಾಣಿಸುವುದೇ ಅಪರೂಪ. ಮನೆಯಂಗಳದಲ್ಲಿ ಮೆಣಸಿನ ಗಿಡ ಇಟ್ಟುಕೊಳ್ಳಲು ನನಗೆ ತೋರುವ ದೊಡ್ಡ ಕಾರಣ ಆ ಹಣ್ಣೇ.

ಈ ಗಿಡದ ತವರು ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕ. ಅಲ್ಲಿಯ ಜನ ಸಾವಿರಾರು ವರ್ಷ ಸಾಕಿ ತಿದ್ದಿದ ಬೆಳೆ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತು. ಅಲ್ಲಿಯವರೆಗೆ ನಮ್ಮ ಅಡುಗೆಯ ಖಾರವೆಂದರೆ ಕರಿಮೆಣಸು, ಶುಂಠಿ, ಹಿಪ್ಪಲಿ. ಕರಿಮೆಣಸಿನ ಬಳ್ಳಿ ಹಬ್ಬಲು ಮರ ಬೇಕು, ಮಲೆನಾಡಿನ ಮಳೆ ಬೇಕು. ಮೆಣಸಿನಕಾಯಿಗೆ ಹಿತ್ತಿಲ ಮೂಲೆ ಸಾಕಾಯಿತು. ಬಡವನ ಮನೆಗೂ ಖಾರ ದಕ್ಕಿದ್ದು ಹಾಗೆ.

ಬ್ಯಾಡಗಿ, ಗುಂಟೂರು, ಜ್ವಾಲಾ, ಖಾರವೇ ಇಲ್ಲದ ದೊಣ್ಣೆ ಮೆಣಸಿನಕಾಯಿ ಇವೆಲ್ಲ ಕ್ಯಾಪ್ಸಿಕಂ ಆನಮ್ ಎಂಬ ಒಂದೇ ಪ್ರಭೇದ. ಗಾಂಧಾರಿ, ಜೀರಿಗೆ ಮೆಣಸು, ಸೂಜಿಮೆಣಸು ಎಂದು ಊರಿಗೊಂದು ಹೆಸರಿನಲ್ಲಿ ಕರೆಯುವ ಪುಟ್ಟ ಕಾಯಿ ಫ್ರುಟೆಸೆನ್ಸ್ ಪ್ರಭೇದದ್ದು. ಈಶಾನ್ಯ ರಾಜ್ಯಗಳ ಭೂತ್ ಜೊಲೋಕಿಯಾದಲ್ಲಿ ಚೈನೆನ್ಸ್ ಪ್ರಭೇದದ ಅಂಶವೇ ಹೆಚ್ಚು. 2007ರಲ್ಲಿ ಗಿನ್ನೆಸ್ ದಾಖಲೆ ಸೇರಿದಾಗ ಅದರ ಖಾರ ಹತ್ತು ಲಕ್ಷ ಸ್ಕೋವಿಲ್ ಮಾನ ದಾಟಿತ್ತು. ನಮ್ಮ ಅಡುಗೆಗೆ ಅಷ್ಟು ಉರಿ ಬೇಕಿಲ್ಲ. ಕುತೂಹಲಕ್ಕೆ ಬೆಳೆಸುವವರು ಬೆಳೆಸಲಿ, ಭರಣಿಗೆ ಅದನ್ನು ನಾನು ಹೇಳಲಾರೆ.

ಮೊದಲ ಸಲ ಬೆಳೆಯುವವರಿಗೆ ಸೂಜಿಮೆಣಸಿಗಿಂತ ಒಳ್ಳೆಯ ಗಿಡ ಇಲ್ಲ. ಅರೆನೆರಳಿನಲ್ಲೂ ಬದುಕುತ್ತದೆ, ಮೂರ್ನಾಲ್ಕು ವರ್ಷ ನಿಂತು ಕಾಯಿ ಕೊಡುತ್ತದೆ, ರೋಗವೂ ಕಡಿಮೆ. ಅಡಿಕೆ ತೋಟದಲ್ಲಿ, ಕಾಂಪೌಂಡಿನ ಬದಿಯಲ್ಲಿ ಯಾರೂ ನೆಡದೆ ಅದು ಹುಟ್ಟಿಕೊಳ್ಳುವುದನ್ನು ಮಲೆನಾಡಿನವರೂ ಕರಾವಳಿಯವರೂ ನೋಡಿಯೇ ಇರುತ್ತಾರೆ. ಅದು ಹಕ್ಕಿಗಳ ಕೆಲಸ. ಕ್ಯಾಪ್ಸೈಸಿನ್ ಎಂಬ ಖಾರದ ಅಂಶ ಹಕ್ಕಿಗಳಿಗೆ ತಾಗುವುದೇ ಇಲ್ಲ. ಹಣ್ಣು ನುಂಗಿ ಬೀಜವನ್ನು ಕೆಡಿಸದೆ ದೂರ ಹಾಕುತ್ತವೆ. ಬೀಜವನ್ನು ಅಗಿದು ಹಾಳುಮಾಡುವ ಇಲಿ, ಅಳಿಲುಗಳ ಬಾಯಿ ಮಾತ್ರ ಉರಿಯುತ್ತದೆ. ನಮ್ಮ ನಾಲಿಗೆ ಸುಡುವುದೂ ಅದೇ ದಾರಿಯಲ್ಲಿ: ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯನ್ನು ಗುರುತಿಸುವ ನರದ ಗ್ರಾಹಕವನ್ನೇ ಕ್ಯಾಪ್ಸೈಸಿನ್ ತೆರೆಯುತ್ತದೆ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಖಾರ ಇರುವುದು ಬೀಜದಲ್ಲಿ ಎಂಬ ನಂಬಿಕೆ ಎಲ್ಲ ಅಡುಗೆಮನೆಗಳಲ್ಲಿದೆ. ನಿಜಕ್ಕೂ ಅದು ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಖಾರ ತಗ್ಗಿಸಬೇಕಾದರೆ ಬೀಜದ ಜೊತೆ ಆ ತಿರುಳನ್ನೂ ಕೆರೆದು ತೆಗೆಯಬೇಕು.

ರಂಜಕ, ಬಾಳಕಗಳ ಆಸೆಯಿದ್ದವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಿಂದ ಆರಂಭಿಸಬಹುದು. ಅರ್ಕಾ ಲೋಹಿತ್ ಶುದ್ಧ ತಳಿ, ಒಳ್ಳೆಯ ಖಾರ. ಅದರ ಬೀಜ ಹಿಡಿದಿಟ್ಟು ಮತ್ತೆ ಬಿತ್ತಬಹುದು. ಅರ್ಕಾ ಮೇಘನಾ ರಸ ಹೀರುವ ಕೀಟಗಳನ್ನೂ ನಂಜನ್ನೂ ಚೆನ್ನಾಗಿ ತಾಳುತ್ತದೆ. ಆದರೆ ಅದು ಸಂಕರ ತಳಿ, ಅದರ ಬೀಜದಿಂದ ಅದೇ ಗುಣದ ಗಿಡ ಬರುವುದಿಲ್ಲ. ಬೆಳಗಾವಿ ಕಡೆಯವರಿಗೆ ಸಂಕೇಶ್ವರದ ಖಾರದ ಕಾಯಿ ಇದ್ದೇ ಇದೆ.

ಇನ್ನು ಬ್ಯಾಡಗಿ. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಎರೆಭೂಮಿಯಲ್ಲಿ ಮುಂಗಾರಿಗೆ ಹಾಕಿ ಚಳಿಗಾಲ ಕಳೆಯುವಾಗ ಬಿಡಿಸುವ ಕಾಯಿ ಅದು. 2011ರಲ್ಲಿ ಭೌಗೋಳಿಕ ಗುರುತು ಪಡೆಯಿತು. ದುಂಡಗಿನ ಡಬ್ಬಿ, ಉದ್ದನೆಯ ಕಡ್ಡಿ ಎಂದು ಎರಡು ಬಗೆ. ಖಾರ ಹದವಾಗಿ, ಬಣ್ಣ ಗಾಢವಾಗಿ ಇರುವುದರಿಂದಲೇ ಅದರಿಂದ ಓಲಿಯೊರೆಸಿನ್ ಎಂಬ ಬಣ್ಣದ ಸಾರ ತೆಗೆದು ತಿಂಡಿಯಿಂದ ಲಿಪ್‌ಸ್ಟಿಕ್‌ವರೆಗೆ ಬಳಸುತ್ತಾರೆ. ಇದನ್ನು ಕುಂಡದಲ್ಲಿ ಬೆಳೆಸಿ ವರ್ಷದ ಪುಡಿ ಮಾಡಿಕೊಳ್ಳುವ ಯೋಚನೆ ಬೇಡ. ಕೆಂಪುಹಣ್ಣು ಒಣಗಿದರೆ ಕಾಲುಭಾಗಕ್ಕಿಂತ ತುಸು ಹೆಚ್ಚು ಉಳಿಯುತ್ತದೆ. ಮೂರು ಕಿಲೋ ಒಣಕಾಯಿಗೆ ಹತ್ತು ಹನ್ನೆರಡು ಕಿಲೋ ಹಣ್ಣು ಬೇಕು. ಫೆಬ್ರವರಿ, ಮಾರ್ಚಿನಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೊಸ ಕಾಯಿ ಬಂದಾಗ ಕೊಂಡು ಒಣಗಿಸಿಟ್ಟುಕೊಳ್ಳುವುದೇ ಜಾಣತನ. ಬೆಳೆದವರಿಗೂ ಅದರಿಂದ ಒಳ್ಳೆಯದು.

ಬಿತ್ತುವ ಹೊತ್ತನ್ನೂ ಭರಣಿಯ ಕಡೆಯಿಂದಲೇ ಲೆಕ್ಕ ಹಾಕಬೇಕು. ಆಗಸ್ಟ್ ಕೊನೆಗೆ ಬೀಜ ಹಾಕಿದರೆ ಅಕ್ಟೋಬರ್ ಮೊದಲ ಪಾದದಲ್ಲಿ ಸಸಿ ನಾಟಿಗೆ ಬರುತ್ತದೆ. ನವೆಂಬರಿನಲ್ಲಿ ಹೂವು, ಡಿಸೆಂಬರಿನಲ್ಲಿ ಬಲಿತ ಹಸಿರುಕಾಯಿ, ಜನವರಿಯಲ್ಲಿ ಹಣ್ಣು. ಕೂಡಿಡುವ ಕೆಲಸಕ್ಕೆ ಬೇಕಾದ ಗಟ್ಟಿ ಬಿಸಿಲು ಆಗ ಸರಿಯಾಗಿ ಸಿಗುತ್ತದೆ. ಮುಂಗಾರಿಗೆ ಬಿತ್ತಿದವರ ಕುಂಡದ ಕಾಯಿ ಮೋಡದ ದಿನಗಳಲ್ಲಿ ಹಣ್ಣಾಗಿ, ಒಣಗಿಸಲು ಆಗದೆ ಬೂಸು ಹಿಡಿಯುವುದುಂಟು.

ಹನ್ನೆರಡು ಅಂಗುಲದ ಕುಂಡ ಸಾಕು, ತಳದಲ್ಲಿ ತೂತು ಇರಲಿ. ಕೆಂಪುಮಣ್ಣು, ಕಳಿತ ಗೊಬ್ಬರ, ತುಸು ಮರಳು, ಹಿಡಿ ಬೇವಿನ ಹಿಂಡಿ. ಸೂಜಿಮೆಣಸು ಬಿಟ್ಟು ಉಳಿದವಕ್ಕೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳಬೇಕು. ಇದೊಂದರಲ್ಲಿ ರಾಜಿ ಇಲ್ಲ. ಸಸಿ ಗೇಣುದ್ದವಾದಾಗ ತುದಿ ಚಿವುಟಿದರೆ ಕವಲು ಒಡೆಯುತ್ತದೆ. ಸಾರಜನಕದ ಗೊಬ್ಬರ ಹೆಚ್ಚಾದರೆ ಎಲೆ ಹುಲುಸಾಗಿ ಹೂವು ಕಡಿಮೆಯಾಗುತ್ತದೆ. ನೀರು ನಿಂತರೆ ಬುಡ ಕೊಳೆಯುತ್ತದೆ. ಮೇಲ್ಮಣ್ಣು ಒಣಗಿದ ಮೇಲೆಯೇ ಮತ್ತೆ ನೀರು. ಕಾಯಿ ಬಲಿಯುವಾಗ ನೀರನ್ನು ಸ್ವಲ್ಪ ಬಿಗಿಹಿಡಿದರೆ ಖಾರ ಏರುವುದೂ ಉಂಟು.

ಮೆಣಸಿನಗಿಡ ಸಾಕಿದವರಿಗೆಲ್ಲ ಎದುರಾಗುವ ಕಾಟ ಮುಟುರು ರೋಗ. ಉತ್ತರ ಕರ್ನಾಟಕದ ರೈತರ ಬಾಯಲ್ಲಿ ಮುರಡಾ. ಎಲೆ ಮುದುಡಿತೆಂದು ಸಿಕ್ಕಿದ ಔಷಧಿ ಹೊಡೆಯುವ ಮೊದಲು ಎಲೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ನುಸಿ. ಕೆಳಕ್ಕೆ ಮಡಚಿ ಎಲೆತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಥ್ರಿಪ್ಸ್‌ಗೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ನಾಲ್ಕು ಹನಿ ಸಾಬೂನುನೀರು ಕಲಸಿ ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ವಾರಕ್ಕೊಮ್ಮೆ ಸಿಂಪಡಿಸಿ. ಮೈಟ್‌ಗೆ ನೀರಿನಲ್ಲಿ ಕರಗುವ ಗಂಧಕ ಹೆಚ್ಚು ಪರಿಣಾಮಕಾರಿ. ಆದರೆ ಬೇವಿನೆಣ್ಣೆ ಹೊಡೆದ ಗಿಡಕ್ಕೆ ಎರಡು ವಾರವಾದರೂ ಬಿಡದೆ ಗಂಧಕ ಹಾಕಿದರೆ ಎಲೆ ಸುಡುತ್ತದೆ. ಎಲೆ ಕಿರಿದಾಗಿ, ಹಳದಿಯಾಗಿ, ಗಿಡವೇ ಗಿಡ್ಡಗೆ ಕುಳಿತುಬಿಟ್ಟರೆ ಬಿಳಿನೊಣ ತಂದ ನಂಜು. ಅದಕ್ಕೆ ಔಷಧಿ ಇಲ್ಲ. ಕಿತ್ತು ಹಾಕದಿದ್ದರೆ ಪಕ್ಕದ ಗಿಡಗಳೂ ಹೋಗುತ್ತವೆ.

ಬೀಜ ಹಿಡಿದಿಡುವವರಿಗೆ ಒಂದು ಮಾತು. ಮೆಣಸಿನ ಹೂವು ತನ್ನಷ್ಟಕ್ಕೆ ಕಾಯಿ ಕಟ್ಟುತ್ತದೆ, ಆದರೆ ಜೇನುನೊಣ ಬಂದರೆ ತಳಿ ಬೆರೆಯುತ್ತದೆ. ಬೀಜಕ್ಕೆ ಬೇಕಾದ ಒಂದು ರೆಂಬೆಯ ಮೊಗ್ಗುಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ನಿಂತ ಮೇಲೆ ಬಿಚ್ಚಿ ಗುರುತಿಗೆ ದಾರ ಕಟ್ಟಿದರೆ ಸಾಕು.

ಈಗ ಅಡುಗೆಮನೆಗೆ. ಒಣಗಿಸುವುದು ಎಲ್ಲಕ್ಕಿಂತ ಹಳೆಯ, ಸುಲಭವೆಂದು ತೋರುವ ದಾರಿ. ಬಿಡಿಸಿದ ಹಣ್ಣನ್ನು ಒಂದು ದಿನ ರಾಶಿ ಹಾಕಿದರೆ ಅರೆಗೆಂಪು ಕಾಯಿಗಳಿಗೂ ಬಣ್ಣ ಏರುತ್ತದೆ. ಆಮೇಲೆ ತೆಳ್ಳಗೆ ಹರಡಬೇಕು. ಸಂಜೆ ಒಟ್ಟುಮಾಡಿ ಮುಚ್ಚಿಡಬೇಕು, ಮಂಜು ಬಿದ್ದರೆ ಹಗಲಿನ ಬಿಸಿಲೆಲ್ಲ ವ್ಯರ್ಥ. ಕಾಯಿಯಲ್ಲಿ ಉಳಿಯುವ ತೇವ ಶೇ 11 ಮೀರಬಾರದು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಅರೆಬರೆ ಒಣಗಿದ ಕಾಯಿಯಲ್ಲಿ ಬೆಳೆಯುವ ಆಸ್ಪರ್ಜಿಲಸ್ ಬೂಸು ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪಾದಿಸುತ್ತದೆ. ಹುರಿದರೂ ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಬೂಸಿನ ಒಂದು ಚುಕ್ಕೆ ಕಂಡರೂ ಆ ಕಾಯಿ ಬಳಸಬೇಡಿ. ಒಣಗಿದ್ದನ್ನು ಗಾಜಿನ ಸೀಸೆಯಲ್ಲಿ ಕಿಟಕಿಗೆ ಚೆಂದಕ್ಕೆ ಇಡುವವರಿದ್ದಾರೆ, ಬೆಳಕಿಗೆ ಬಣ್ಣ ಮಾಸುತ್ತದೆ. ಕತ್ತಲ ಡಬ್ಬಿಯೇ ಸರಿ.

ಬಾಳಕಕ್ಕೆ ತೊಗಟೆ ದಪ್ಪಗಿರುವ, ಬಲಿತ, ತಿಳಿ ಹಸಿರು ಕಾಯಿ. ತೊಟ್ಟು ತೆಗೆಯದೆ ನಡುವೆ ಸೀಳಿ, ಹುಳಿಮೊಸರು, ಉಪ್ಪು, ಮೆಂತ್ಯದ ಪುಡಿ, ಇಂಗು ಬೆರೆಸಿದ್ದರಲ್ಲಿ ನೆನೆಹಾಕಬೇಕು. ಕಿಲೋ ಕಾಯಿಗೆ ಒಂದು ಲೀಟರ್ ಮೊಸರು, ನೂರು ಗ್ರಾಂ ಉಪ್ಪು. ಹಗಲು ಬಿಸಿಲಿಗೆ, ರಾತ್ರಿ ಮತ್ತೆ ಅದೇ ಮೊಸರಿಗೆ. ಮೊಸರೆಲ್ಲ ಕಾಯೊಳಗೆ ಇಂಗುವವರೆಗೆ ಇದು ನಡೆಯಬೇಕು, ಆಮೇಲೆ ಕಾಯಿ ಕಟಕಟ ಒಣಗಬೇಕು. ರಾತ್ರಿಯ ನೆನೆಯನ್ನು ಬಿಟ್ಟು ಒಂದೇ ಸಲಕ್ಕೆ ಮುಗಿಸಿದರೆ ಹೊರಗೆ ಉಪ್ಪು, ಒಳಗೆ ಸಪ್ಪೆ.

ರಂಜಕದ ವಿಷಯಕ್ಕೆ ಬಂದರೆ ಬರೆಯುವ ಕೈ ನಿಲ್ಲುವುದಿಲ್ಲ. ಕಲಬುರಗಿಯಿಂದ ಬೆಳಗಾವಿಯವರೆಗೆ ಚಳಿಗಾಲದಲ್ಲಿ ಕೆಂಪುಹಣ್ಣು ಬಂದ ವಾರ ಮನೆಮನೆಯಲ್ಲೂ ಕುಟ್ಟುವ ಖಾರ ಇದು. ಹಣ್ಣನ್ನು ತೊಟ್ಟಿನ ಸಮೇತ ತೊಳೆಯಬೇಕು; ತೊಟ್ಟು ಕಿತ್ತು ತೊಳೆದರೆ ನೀರು ಒಳಗೆ ಹೋಗಿ ರಂಜಕ ಕೆಡುತ್ತದೆ. ಒರೆಸಿ, ಬಟ್ಟೆಯ ಮೇಲೆ ನೆರಳಲ್ಲಿ ಅರ್ಧ ದಿನ ಹರಡಿ, ಆಮೇಲೆ ತೊಟ್ಟು ಮುರಿಯಿರಿ. ಕಿಲೋ ಹಣ್ಣಿಗೆ 150 ಗ್ರಾಂ ಉಪ್ಪು, 100 ಗ್ರಾಂ ಬೆಳ್ಳುಳ್ಳಿ, ಹುರಿದ ಮೆಂತ್ಯ, ಜೀರಿಗೆ, ಏಳೆಂಟು ನಿಂಬೆಹಣ್ಣಿನ ರಸ. ಕೆಲವರು ನಿಂಬೆಯ ಬದಲು ಹುಣಸೆ ಹಾಕುತ್ತಾರೆ, ನನಗೆ ನಿಂಬೆಯ ಚುರುಕೇ ಇಷ್ಟ. ಒರಳಲ್ಲಿ ತರಿತರಿಯಾಗಿ ಕುಟ್ಟಿದರೆ ಬೀಜವೂ ತೊಗಟೆಯೂ ಹಲ್ಲಿಗೆ ಸಿಗುತ್ತವೆ. ಮಿಕ್ಸಿಯಲ್ಲಿ ನುಣ್ಣಗೆ ತಿರುವಿದರೆ ಬಣ್ಣವೂ ಪೇಲವ, ರುಚಿಯೂ ಪೇಲವ. ನೀರಿನ ಹನಿಯೂ ಬೇಡ. ಭರಣಿಯನ್ನು ಮುಕ್ಕಾಲು ಮಾತ್ರ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ಕದಡಿ. ಮೊದಲ ದಿನಗಳಲ್ಲಿ ಖಾರ ಹಸಿಯಾಗಿ ಚುಚ್ಚುತ್ತದೆ. ವಾರ ಕಳೆದರೆ ಉಪ್ಪು, ಹುಳಿ, ಖಾರ ಒಂದಾಗುತ್ತವೆ. ಬೇಕಾದಷ್ಟನ್ನೇ ತೆಗೆದು ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟು, ಬಿಸಿ ರೊಟ್ಟಿ, ಗಟ್ಟಿ ಮೊಸರಿನ ಜೊತೆ ಬಡಿಸಿ.

ಕುಟ್ಟುವ ಮೊದಲು ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಉರಿ ಹತ್ತಿದ ಕೈಯನ್ನು ಬರೀ ನೀರಲ್ಲಿ ತೊಳೆದರೆ ಉರಿ ಹರಡುತ್ತದಷ್ಟೇ. ಎಣ್ಣೆ, ಆಮೇಲೆ ಸಾಬೂನು. ಬಾಯಿಗಾದರೆ ಮೊಸರು.

ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಹಸಿ ಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಹುಳಿಯಿಲ್ಲದೆ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ರೂಢಿ ಈಚೆಗೆ ಹೆಚ್ಚಿದೆ. ಗಾಳಿಯಾಡದ ಎಣ್ಣೆಯಡಿಯ ತೇವದಲ್ಲಿ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ಸೂಕ್ಷ್ಮಾಣು ಬೆಳೆದು ಪ್ರಾಣಾಂತಿಕ ವಿಷ ಉಂಟುಮಾಡಬಲ್ಲದು. ವಾಸನೆಯಲ್ಲಿ, ರುಚಿಯಲ್ಲಿ ಅದು ಗೊತ್ತಾಗುವುದಿಲ್ಲ. ಪಿಎಚ್ 4.6ಕ್ಕಿಂತ ಕೆಳಗಿಳಿದ ಹುಳಿಯಲ್ಲಿ ಅದು ಬೆಳೆಯಲಾರದು. ನಮ್ಮ ಹಿರಿಯರ ಪಾಕಗಳಲ್ಲಿ ನಿಂಬೆ, ಹುಣಸೆ, ಮೊಸರು, ಧಾರಾಳ ಉಪ್ಪು ಇರುವುದು ರುಚಿಗೆ ಮಾತ್ರವಲ್ಲ. ಅವನ್ನು ಕಡಿತಗೊಳಿಸಿ ಮಾಡುವುದಾದರೆ ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನದಲ್ಲಿ ಮುಗಿಸಬೇಕು.

ಸೂಜಿಮೆಣಸಿಗೆ ಉಪ್ಪುನೀರು ಒಳ್ಳೆಯ ಜೊತೆ. ಲೀಟರ್ ನೀರಿಗೆ 50 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿ, ಒಂದೊಂದು ಕಾಯಿಗೂ ಸೂಜಿಯಿಂದ ಚುಚ್ಚಿ, ಮೇಲೆ ತೇಲದಂತೆ ಭಾರ ಇಟ್ಟು ಮುಳುಗಿಸಬೇಕು. ವಾರದಲ್ಲಿ ನೀರು ಮಬ್ಬಾಗಿ ಹುಳಿವಾಸನೆ ಬಂದರೆ ಸರಿಯಾದ ದಾರಿಯಲ್ಲಿದೆ. ಲ್ಯಾಕ್ಟಿಕ್ ಆಮ್ಲ ತಯಾರಿಸುವ ಸೂಕ್ಷ್ಮಾಣುಗಳ ಕೆಲಸ ಅದು. ಬಿಳಿ ಪೊರೆ ಕಟ್ಟಿದರೆ ತೆಗೆದುಹಾಕಬಹುದು, ಹಸಿರು ಕಪ್ಪು ಬೂಸು ಬಂದರೆ ಇಡೀ ಸೀಸೆ ಚೆಲ್ಲಬೇಕು. ಅಮೆರಿಕದ ಲೂಸಿಯಾನಾದ ಏವರಿ ಐಲೆಂಡಿನಲ್ಲಿ 1868ರಿಂದ ತಯಾರಾಗುವ ಟಬಾಸ್ಕೊ ಸಾಸಿನ ಮೆಣಸೂ ಇದೇ ಫ್ರುಟೆಸೆನ್ಸ್ ಪ್ರಭೇದದ್ದು. ಅಲ್ಲಿ ಉಪ್ಪು ಬೆರೆಸಿ ಅರೆದ ಹಣ್ಣನ್ನು ಓಕ್ ಪೀಪಾಯಿಗಳಲ್ಲಿ ಮೂರು ವರ್ಷದವರೆಗೂ ಮಾಗಿಸುತ್ತಾರೆ. ನಮಗೆ ಅಷ್ಟು ಕಾಯುವ ಅಗತ್ಯವಿಲ್ಲ. ಹತ್ತು ದಿನಕ್ಕೆ ಫ್ರಿಜ್ಜಿಗೆ ಸೇರಿಸಿ, ಉತ್ತರ ಕನ್ನಡದವರು ಅಪ್ಪೆಹುಳಿಗೆ ಸೂಜಿಮೆಣಸು ಹಾಕುವಲ್ಲಿ ಇದರ ಎರಡು ಕಾಯಿ ನುರಿದು ಹಾಕಿ. ಆ ಉಪ್ಪುನೀರನ್ನೂ ಚೆಲ್ಲಬೇಡಿ. ಮಜ್ಜಿಗೆಗೆ ಒಂದು ಚಮಚ ಬಿದ್ದರೆ ಬೇರೆ ಉಪ್ಪು, ಹಸಿಮೆಣಸು ಬೇಕಾಗುವುದಿಲ್ಲ.